ಮೈಕ್ ಯಾವ ದಿಕ್ಕಿಗೆ ಕಿವುಡು?

ಬಂಗಾಳಿ ಕೀರ್ತನೆಗೆ ಮೈಕ್ ಕಟ್ಟುವುದು ಸುಲಭವಲ್ಲ. ಖೋಲ್ ಎಂಬ ಎರಡು ಮುಖದ ಚರ್ಮವಾದ್ಯ ಕೊರಳಿಗೆ ನೇತುಬಿದ್ದಿರುತ್ತದೆ, ಬಾರಿಸುವವನು ನಿಂತಲ್ಲಿ ನಿಲ್ಲುವುದಿಲ್ಲ. ಕರತಾಳ ಹಿಡಿದವರು ಹಾಡುವವರ ಭುಜಕ್ಕೆ ಭುಜ ತಾಗಿಸಿಕೊಂಡು ಸುತ್ತು ಹಾಕುತ್ತಾರೆ. ಹಾರ್ಮೋನಿಯಂ ನೆಲದ ಮೇಲಿರುತ್ತದೆ. ನಿಧಾನವಾಗಿ ಶುರುವಾದ ನಾಮ ಹೊತ್ತು ಕಳೆದಂತೆ ಓಟಕ್ಕೆ ಬೀಳುತ್ತದೆ. ಹಾಡಿನ ಮಾತು ಕೇಳುತ್ತಿಲ್ಲವೆಂದು ಯಾರೋ ಕೈಸನ್ನೆ ಮಾಡುತ್ತಾರೆ, ಮೈಕ್‌ಸೆಟ್‌ನವನು ಗುಂಡಿ ತಿರುವುತ್ತಾನೆ, ಕಂಬದ ಮೇಲಿನ ಹಾರ್ನ್ ಕುಯ್ಯೆಂದು ಶಿಳ್ಳೆ ಹೊಡೆಯುತ್ತದೆ. ತಪ್ಪು ಮೈಕಿನದೇ ಎಂದು ಎಲ್ಲರೂ ತೀರ್ಮಾನಿಸುತ್ತಾರೆ. ಮುಂದಿನ ಪೂಜೆಗೆ ಹೊಸ ಮೈಕ್ ತರಲು ಹೊರಟವರು ಅಂಗಡಿಯಲ್ಲಿ ಕೇಳುವ ಪ್ರಶ್ನೆ ಒಂದೇ: ದೂರದಿಂದ ಹಾಡಿದರೂ ಎಳೆದುಕೊಳ್ಳುವ ಮೈಕ್ ಯಾವುದಿದೆ?

ಆ ಪ್ರಶ್ನೆಯೇ ಅವರ ದುಡ್ಡು ಕಳೆಯುತ್ತದೆ.

ಸಿಂಧನೂರು ಸುತ್ತಲಿನ ಆರ್.ಎಚ್. (ಪುನರ್ವಸತಿ) ಕ್ಯಾಂಪ್‌ಗಳಿಗೆ ಈ ಕೀರ್ತನೆ ಬಂದದ್ದು ಬಹಳ ದೂರದಿಂದ. ಪೂರ್ವ ಪಾಕಿಸ್ತಾನ ಬಿಟ್ಟು ಬಂದ ಹಿಂದೂ ಬಂಗಾಳಿ ಕುಟುಂಬಗಳಿಗೆ 1970ರ ಆಸುಪಾಸಿನಲ್ಲಿ ಸರ್ಕಾರ ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆಯಲ್ಲಿ ಪುನರ್ವಸತಿ ಕೊಟ್ಟಿತು. ಬರ್ಮಾದಿಂದ ಮರಳಿದ ಕುಟುಂಬಗಳೂ ಇಲ್ಲಿ ನೆಲೆಯಾದವು. ಊರುಗಳಿಗೆ ಹೆಸರಿನ ಬದಲು ಸಂಖ್ಯೆ ಬಂತು: ಎರಡನೇ ಕ್ಯಾಂಪ್, ಮೂರನೇ ಕ್ಯಾಂಪ್, ನಾಲ್ಕನೇ ಕ್ಯಾಂಪ್. ಬಂಗಾಳಿ ಕುಟುಂಬಗಳಲ್ಲಿ ನಾಮಶೂದ್ರ ಸಮುದಾಯದವರೇ ಹೆಚ್ಚು. ಪೂರ್ವ ಬಂಗಾಳದ ಒರಾಕಾಂದಿಯ ಹರಿಚಾಂದ್ ಠಾಕೂರ್ (1812–1878) ಆರಂಭಿಸಿದ ಮತುವಾ ಪಂಥ ಬೆಳೆದದ್ದು ಇದೇ ಸಮುದಾಯದ ನಡುವೆ. ಹರಿನಾಮ ಅದರ ಉಸಿರು, ಅದರ ವಾದ್ಯ ಡಂಕಾ ಎಂಬ ದೊಡ್ಡ ಚರ್ಮವಾದ್ಯ. ರಾಯಚೂರು ಜಿಲ್ಲೆಯ ಭತ್ತದ ಗದ್ದೆಗಳ ನಡುವೆ ದುರ್ಗಾಪೂಜೆಯ ಪೆಂಡಾಲ್ ಏಳುವುದಕ್ಕೆ ಇದೇ ಕಾರಣ. ಕ್ಯಾಂಪಿನವರ ಪೌರತ್ವದ ಕಾಗದಪತ್ರದ ಕಥೆ ಪತ್ರಿಕೆಗಳಲ್ಲಿ ಆಗಾಗ ಬಂದಿದೆ. ಅವರ ಹಾಡಿನ ಕಥೆಗೆ ಅಷ್ಟು ಜಾಗ ಸಿಕ್ಕಿಲ್ಲ.

ಹಾಡಿನ ಸದ್ದು ಬಂಗಾಳಿಯಲ್ಲಿ ಮಾತ್ರ ಕೇಳುವ ಸೀಮೆಯೂ ಇದಲ್ಲ. ಕಾಲುವೆ ನೀರು ಹಿಂಬಾಲಿಸಿ ಆಂಧ್ರದಿಂದ ಬಂದ ರೈತರ ಕ್ಯಾಂಪ್‌ಗಳಲ್ಲಿ ತೆಲುಗು ಭಜನೆ ಇದೆ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಮೊಹರಂ ಇಡೀ ಸೀಮೆಗೆ ಹೆಸರುವಾಸಿ, ಅಲ್ಲಿ ಹಲಗೆಯ ಬಡಿತದ ಮೇಲೆ ದನಿ ಏರಿಸಿ ಮೊಹರಂ ಪದ ಹಾಡಬೇಕು. ಮಸ್ಕಿ ಕಡೆಯ ಹಳ್ಳಿಗಳಲ್ಲಿ ಏಕತಾರಿ ಹಿಡಿದು ತತ್ವಪದ ಹೇಳುವವರಿದ್ದಾರೆ, ಬಯಲಾಟ ಆಡುವವರಿದ್ದಾರೆ. ಭಾಷೆ ಬೇರೆ, ದೇವರು ಬೇರೆ. ಮೈಕಿನ ಮಟ್ಟಿಗೆ ಎಲ್ಲರ ಕಷ್ಟ ಒಂದೇ: ಗಟ್ಟಿ ವಾದ್ಯದ ಪಕ್ಕದಲ್ಲೇ ಮನುಷ್ಯರ ಕಂಠ.

ದೂರದ ದನಿಯನ್ನು ಎಳೆದುಕೊಳ್ಳುವ ಮೈಕ್ ಎಂಬುದು ಇಲ್ಲ. ಯಾವ ಮೈಕೂ ಏನನ್ನೂ ಎಳೆಯುವುದಿಲ್ಲ. ತನ್ನ ಮುಂದಿನ ತೆಳು ಪೊರೆಗೆ ಬಂದು ಬಡಿದ ಗಾಳಿಯ ಒತ್ತಡವನ್ನು ವಿದ್ಯುತ್ತಾಗಿ ಬದಲಿಸುವುದಷ್ಟೇ ಅದರ ಕೆಲಸ. ಆ ಪೊರೆಗೆ ಹಾಡುವವಳ ದನಿ ಎಷ್ಟು ಬಂತು, ಅದೇ ಗಳಿಗೆಯಲ್ಲಿ ಕರತಾಳದ್ದು ಎಷ್ಟು, ಹಾರ್ನ್‌ನಿಂದ ತಿರುಗಿ ಬಂದದ್ದು ಎಷ್ಟು ಎಂಬ ಪ್ರಮಾಣದಲ್ಲೇ ಎಲ್ಲವೂ ತೀರ್ಮಾನವಾಗುತ್ತದೆ. ಹಾರ್ನ್‌ನ ದನಿ ಮೈಕಿಗೆ ಹೊಕ್ಕು, ಮತ್ತೆ ಹಾರ್ನ್‌ನಿಂದ ಇನ್ನಷ್ಟು ಗಟ್ಟಿಯಾಗಿ ಹೊರಬಂದು, ಮತ್ತೆ ಮೈಕಿಗೆ ಹೊಕ್ಕು ಸುತ್ತು ಹೊಡೆದಾಗ ಶಿಳ್ಳೆ ಹುಟ್ಟುತ್ತದೆ. ಹೆಚ್ಚು ಸೂಕ್ಷ್ಮ ಮೈಕ್ ತಂದರೆ ಹಾಡೂ ಹೆಚ್ಚುತ್ತದೆ, ಹಾರ್ನೂ ಹೆಚ್ಚುತ್ತದೆ. ಲಾಭ ಸೊನ್ನೆ.

ಆದ್ದರಿಂದ ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಬೇರೆ. ಈ ಮೈಕ್ ಯಾವ ದಿಕ್ಕಿಗೆ ಕಿವುಡು?

ವೇದಿಕೆಯ ಮೈಕುಗಳಲ್ಲಿ ಹೆಚ್ಚಿನವು ಕಾರ್ಡಿಯಾಯ್ಡ್ ಮಾದರಿಯವು. ಇವು ಎದುರಿನ ದನಿಯನ್ನು ಪೂರ್ತಿ ಕೇಳುತ್ತವೆ, ಪಕ್ಕದಿಂದ ಬಂದದ್ದನ್ನು 6 ಡೆಸಿಬಲ್ ಕಡಿಮೆ ಮಾಡಿ ಕೇಳುತ್ತವೆ, ನೇರ ಬೆನ್ನ ಹಿಂದಿನದಕ್ಕೆ ಹೆಚ್ಚುಕಡಿಮೆ ಕಿವುಡು. ಸೂಪರ್‌ಕಾರ್ಡಿಯಾಯ್ಡ್ ಎಂಬ ಇನ್ನೊಂದು ಜಾತಿ ಪಕ್ಕದ ದನಿಯನ್ನು ಸುಮಾರು 9 ಡೆಸಿಬಲ್ ತಗ್ಗಿಸುತ್ತದೆ, ಆದರೆ ನೇರ ಹಿಂದಿನಿಂದ ಬಂದದ್ದನ್ನು ಸ್ವಲ್ಪ ಒಳಗೆ ಬಿಟ್ಟುಕೊಳ್ಳುತ್ತದೆ. ಅದು ಕಿವುಡಾಗುವುದು ಹಿಂದಿನ ಎರಡು ಓರೆಗಳಿಗೆ, ಎದುರಿನಿಂದ ಅಳೆದರೆ ಸುಮಾರು 126 ಡಿಗ್ರಿಯಲ್ಲಿ. ಶೂರ್ ಕಂಪನಿಯ ಎಸ್‌ಎಂ58, ಸೆನ್‌ಹೈಸರ್‌ನ ಇ835 ಮೊದಲ ಜಾತಿಯವು. ಬೀಟಾ 58ಎ, ಸೆನ್‌ಹೈಸರ್ ಇ845, ಎಕೆಜಿ ಡಿ5 ಎರಡನೆಯವು. ಹಾಡುವವರಿಗೆ ತಮ್ಮ ದನಿ ಕೇಳಿಸಲೆಂದು ನೆಲದ ಮೇಲೆ ಒಂದೇ ಸ್ಪೀಕರ್ ಬಾಕ್ಸನ್ನು ಎದುರಿಗಿಟ್ಟರೆ ಅದು ಮೈಕಿನ ಬೆನ್ನ ಹಿಂದೆ ಬರುತ್ತದೆ. ಆಗ ಮೊದಲನೆಯದೇ ಸರಿ. ಎಡಕ್ಕೊಂದು ಬಲಕ್ಕೊಂದು ಬಾಕ್ಸ್ ಓರೆಯಾಗಿ ಇಡುವುದಾದರೆ ಎರಡನೆಯದು. ದುಬಾರಿ ಮೈಕ್ ಕೊಂಡು ಬಾಕ್ಸನ್ನು ಅದರ ಕಿವಿ ತೆರೆದ ಕಡೆ ಇಟ್ಟರೆ ಅಗ್ಗದ ಮೈಕಿಗಿಂತ ಮೊದಲೇ ಅದು ಶಿಳ್ಳೆ ಹೊಡೆಯುತ್ತದೆ.

ಹಾರ್ಮೋನಿಯಂ ನುಡಿಸುತ್ತ ಹಾಡುವವರ ಮೈಕನ್ನು ಹೇಗೆ ನಿಲ್ಲಿಸುತ್ತಾರೆ ಎಂಬುದನ್ನು ಗಮನಿಸಿದರೆ ಈ ಮಾತು ಕಣ್ಣಿಗೇ ಕಾಣುತ್ತದೆ. ಸ್ಟ್ಯಾಂಡಿನ ತೋಳನ್ನು ಮೇಲಿನಿಂದ ಬಗ್ಗಿಸಿ ಮೈಕಿನ ಮೂತಿಯನ್ನು ಕೆಳಗೆ ಮಾಡಿದರೆ ಅದು ಬಾಯಿಯ ಜೊತೆಗೆ ಹಾರ್ಮೋನಿಯಂ ರೀಡುಗಳನ್ನೂ ನೋಡುತ್ತದೆ. ಅದೇ ಮೈಕನ್ನು ಗದ್ದದ ಮಟ್ಟಕ್ಕಿಳಿಸಿ ಮೂತಿಯನ್ನು ಮೇಲಕ್ಕೆ, ಬಾಯಿಯತ್ತ ತಿರುಗಿಸಿದರೆ ಅದರ ಕಿವುಡು ಬೆನ್ನು ತಾನಾಗಿ ಹಾರ್ಮೋನಿಯಂ ಕಡೆಗೆ ಹೋಗುತ್ತದೆ. ಒಂದು ರೂಪಾಯಿ ಖರ್ಚಿಲ್ಲ. ಹಾಡು ಹಾರ್ಮೋನಿಯಂನಿಂದ ಬಿಡಿಸಿಕೊಂಡು ಮುಂದೆ ಬರುತ್ತದೆ.

ಕರತಾಳದ ವಿಷಯ ಇನ್ನೂ ಸೂಕ್ಷ್ಮ. ಕಂಚಿನ ಆ ಪುಟ್ಟ ತಾಳದ ತೀಕ್ಷ್ಣತೆ ಇರುವುದು ಮೂರು ಸಾವಿರ ಹರ್ಟ್ಸ್‌ನಿಂದ ಮೇಲಿನ ಪಟ್ಟಿಯಲ್ಲಿ. ಹಾಡಿನ ವ್ಯಂಜನಗಳು ಬಿಡಿಬಿಡಿಯಾಗಿ ಕೇಳಲೆಂದು ಕಂಠದ ಮೈಕ್ ತಯಾರಿಸುವವರು ಬೇಕೆಂದೇ ಎತ್ತಿ ಕೊಡುವುದೂ ಅದೇ ಪಟ್ಟಿಯನ್ನು. ಮಾತು ಸ್ಪಷ್ಟವಾಗಲಿ ಎಂದು ಮಾಡಿದ ಏರ್ಪಾಡು ತಾಳವನ್ನು ಇನ್ನಷ್ಟು ಚುಚ್ಚುವಂತೆ ಮಾಡುತ್ತದೆ. ಮಿಕ್ಸರ್‌ನಲ್ಲಿ ಟ್ರೆಬಲ್ ಇಳಿಸಿದರೆ ಎರಡೂ ಒಟ್ಟಿಗೆ ಮಂಕಾಗುತ್ತವೆ. ಕರತಾಳದವರು ಹಾಡುವವರ ಪಕ್ಕ ಬಿಟ್ಟು ಮೈಕಿನ ಬೆನ್ನ ಹಿಂದೆ, ಹಾಡುವವರಿಗೆ ಎದುರಾಗಿ ನಿಂತರೆ ಅರ್ಧ ತೊಂದರೆ ಅಲ್ಲೇ ಮುಗಿಯುತ್ತದೆ. ಕೀರ್ತನೆಯ ಭಾವಕ್ಕೂ ಇದು ಅಡ್ಡಿಯಲ್ಲ, ಮುಖ ನೋಡಿಕೊಂಡು ಹಾಡುವುದು ಅಲ್ಲಿ ಹೊಸತೇನಲ್ಲ.

ದಿಕ್ಕಿನ ನಂತರದ್ದು ದೂರ. ಬಾಯಿಗೂ ಮೈಕಿಗೂ ನಡುವಿನ ಅಂತರ ಅರ್ಧವಾದರೆ ದನಿ 6 ಡೆಸಿಬಲ್ ಏರುತ್ತದೆ. 20 ಸೆಂಟಿಮೀಟರ್ ದೂರದಲ್ಲಿ ಹಾಡುತ್ತಿದ್ದವರು 5 ಸೆಂಟಿಮೀಟರಿಗೆ ಬಂದರೆ 12 ಡೆಸಿಬಲ್. ಆಂಪ್ಲಿಫೈಯರಿನ ವ್ಯಾಟ್‌ಗಳಲ್ಲಿ ಇದೇ ಲಾಭ ಪಡೆಯಬೇಕಾದರೆ ಅದರ ಶಕ್ತಿಯನ್ನು ಹದಿನಾರು ಪಟ್ಟು ಮಾಡಬೇಕು; ಮಾಡಿದರೂ ಶಿಳ್ಳೆ ಬಿಡುವುದಿಲ್ಲ. ತೆರೆದಿಟ್ಟ ಮೈಕುಗಳ ಸಂಖ್ಯೆ ಎರಡು ಪಟ್ಟಾದಾಗಲೆಲ್ಲ ಶಿಳ್ಳೆಗೆ ಮುಂಚಿನ ಅವಕಾಶ 3 ಡೆಸಿಬಲ್ ಕುಗ್ಗುತ್ತದೆ ಎಂಬುದನ್ನೂ ಇದಕ್ಕೆ ಸೇರಿಸಿಕೊಳ್ಳಬೇಕು. ನಾಲ್ಕು ಮೈಕ್ ತೆರೆದಿಟ್ಟು ಒಂದರಲ್ಲಿ ಮಾತ್ರ ಹಾಡುವ ವೇದಿಕೆ ತನ್ನ 6 ಡೆಸಿಬಲನ್ನು ಸುಮ್ಮನೆ ಚೆಲ್ಲಿದಂತೆ.

ಹತ್ತಿರ ಬಂದಾಗ ಎರಡು ತೊಡಕು ಎದುರಾಗುತ್ತವೆ. ದಿಕ್ಕು ನೋಡಿ ಕೇಳುವ ಮೈಕುಗಳೆಲ್ಲ ಬಾಯಿ ತೀರಾ ಹತ್ತಿರವಾದಾಗ ಮಂದ್ರವನ್ನು ಉಬ್ಬಿಸುತ್ತವೆ. ಗಂಡು ದನಿ ಇದರಿಂದ ಗುಮ್ಮೆನ್ನುತ್ತದೆ. ಮಿಕ್ಸರ್‌ನಲ್ಲಿ 100 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸುವ ಗುಂಡಿ ಇದ್ದರೆ ಒತ್ತಿಬಿಡಬೇಕು. ಇನ್ನೊಂದು ಉಸಿರಿನ ಹೊಡೆತ. ಪ, ಫ, ಬ, ಭ ಅಕ್ಷರಗಳು ಗಾಳಿಯನ್ನು ನೇರ ಮುಂದಕ್ಕೆ ಉಗುಳುತ್ತವೆ, ಮಹಾಪ್ರಾಣಗಳಂತೂ ಇನ್ನೂ ಜೋರು. ಮೈಕನ್ನು ಬಾಯಿಯ ನೇರಕ್ಕೆ ಹಿಡಿಯದೆ ತುಟಿಯ ಅಂಚಿನಿಂದ ಸ್ವಲ್ಪ ಓರೆಯಾಗಿ ಹಿಡಿದರೆ ಗಾಳಿ ಪಕ್ಕಕ್ಕೆ ಹಾದುಹೋಗುತ್ತದೆ, ದನಿ ಮಾತ್ರ ಒಳಗೆ ಹೋಗುತ್ತದೆ.

ಮೊಹರಂ ಪದ ಹಾಡುವವರಲ್ಲೂ ಸಿನಿಮಾ ಹಾಡಿನ ಹುಡುಗರಲ್ಲೂ ಕಾಣುವ ಒಂದು ಅಭ್ಯಾಸವನ್ನು ಇಲ್ಲಿ ಹೇಳಲೇಬೇಕು. ಜಾಲರಿಯ ಗುಂಡನ್ನು ಮುಷ್ಟಿಯಲ್ಲಿ ಹಿಡಿಯುವುದು. ಹಿಂದಿನ ದನಿಯನ್ನು ರದ್ದು ಮಾಡುವ ಗಾಳಿಕಿಂಡಿಗಳು ಇರುವುದು ಆ ಜಾಲರಿಯ ಒಳಗೇ. ಅವು ಮುಚ್ಚಿದ ಕ್ಷಣ ಕಾರ್ಡಿಯಾಯ್ಡ್ ಮೈಕ್ ಸುತ್ತಲಿನದನ್ನೆಲ್ಲ ಕೇಳತೊಡಗುತ್ತದೆ. ಹತ್ತು ಸಾವಿರ ರೂಪಾಯಿಯ ಗುಣ ಒಂದು ಹಿಡಿತದಲ್ಲಿ ಹೋಗುತ್ತದೆ. ಹಿಡಿಕೆಯನ್ನು ಹಿಡಿಯಬೇಕು, ತಲೆಯನ್ನಲ್ಲ.

ಇನ್ನು ಒಳಗಿನ ಯಂತ್ರ. ಡೈನಾಮಿಕ್ ಮೈಕಿನಲ್ಲಿ ಪೊರೆಗೆ ಅಂಟಿದ ತಂತಿಸುರುಳಿ ಅಯಸ್ಕಾಂತದ ನಡುವೆ ಅಲುಗಿ ವಿದ್ಯುತ್ ಹುಟ್ಟಿಸುತ್ತದೆ, ಹೊರಗಿನ ಕರೆಂಟು ಬೇಡ. ಕಂಡೆನ್ಸರ್ ಮೈಕಿನಲ್ಲಿ ಸುರುಳಿ ಇಲ್ಲ. ಅತಿ ತೆಳು ಪೊರೆ ಮತ್ತು ಅದರ ಹಿಂದಿನ ತಟ್ಟೆ ಸೇರಿ ಕೆಪಾಸಿಟರ್ ಆಗುತ್ತವೆ, ಮಿಕ್ಸರ್‌ನಿಂದ 48 ವೋಲ್ಟ್ ಫ್ಯಾಂಟಮ್ ಪವರ್ ಬೇಕು. ಎಳೆಯಬೇಕಾದ ಸುರುಳಿಯ ಭಾರವಿಲ್ಲದ್ದರಿಂದ ಕಂಡೆನ್ಸರ್ ನವಿರು ದನಿಗಳನ್ನು ಚೆನ್ನಾಗಿ ಹಿಡಿಯುತ್ತದೆ. ಕಾಲುವೆ ಸೀಮೆಯ ತೇವ, ರಾಯಚೂರಿನ ಬೇಸಿಗೆ, ಭತ್ತದ ಹೊಟ್ಟಿನ ಧೂಳು, ಕೈಯಿಂದ ಕೈಗೆ ಹೋಗಿ ನೆಲಕ್ಕೆ ಬೀಳುವ ಬಾಳು ಇವುಗಳನ್ನು ತಡೆಯುವುದು ಡೈನಾಮಿಕ್. ತೇವ ಹೊಕ್ಕ ಕಂಡೆನ್ಸರ್ ಚಟಪಟ ಸದ್ದು ಮಾಡುವುದುಂಟು. ಅದನ್ನು ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಬೇಕು. ಬಯಲು ವೇದಿಕೆಯ ಹಾಡಿಗೆ ಡೈನಾಮಿಕ್ ಬಿಟ್ಟು ಬೇರೆಯದನ್ನು ಯೋಚಿಸುವ ಅಗತ್ಯವೇ ಇಲ್ಲ.

ಎಸ್‌ಎಂ58ರ ಹುಟ್ಟು ಇಲ್ಲಿ ನೆನಪಾಗುತ್ತದೆ. ಶೂರ್ ಕಂಪನಿಯ ಎಂಜಿನಿಯರ್ ಅರ್ನಿ ಸೀಲರ್ ರೂಪಿಸಿದ ಯೂನಿಡೈನ್ 3 ಎಂಬ ಮೈಕ್ 1959ರಲ್ಲಿ ಬಂತು. ಅದೇ ತತ್ವದ ಮೇಲೆ 1965ರಲ್ಲಿ ಎಸ್‌ಎಂ57, ಮರುವರ್ಷ ಎಸ್‌ಎಂ58 ಹೊರಬಿದ್ದವು. ಎಸ್‌ಎಂ ಎಂದರೆ ಸ್ಟುಡಿಯೊ ಮೈಕ್ರೊಫೋನ್. ಪ್ರಸಾರ ಕೇಂದ್ರ, ಸ್ಟುಡಿಯೊಗಳಿಗೆಂದು ಮಾಡಿದ್ದು ಅಲ್ಲಿ ಅಷ್ಟಾಗಿ ಓಡಲಿಲ್ಲ, ವೇದಿಕೆಗೆ ಬಂದಮೇಲೆ ಜಗತ್ತೆಲ್ಲ ಹರಡಿತು. ಕಾರಣ ಅದರ ಮಾಧುರ್ಯ ಒಂದೇ ಅಲ್ಲ. ಬಿದ್ದರೂ ಬಗ್ಗಿದರೂ ಅದು ಕೆಲಸ ಮಾಡುತ್ತದೆ, ಅದರ ಬೆನ್ನು ನಂಬಿಕಸ್ತ. ಇಷ್ಟು ಹೆಸರಾದದ್ದರಿಂದಲೇ ಅದರ ನಕಲುಗಳೂ ಪೇಟೆಯಲ್ಲಿ ತುಂಬಿವೆ, ಕಂಪನಿಯೇ ಎಚ್ಚರಿಕೆ ಕೊಡುತ್ತ ಬಂದಿದೆ. ಅಸಲಿ ಮೈಕಿನ ತೂಕ 298 ಗ್ರಾಂ. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿಟ್ಟು ನೋಡಬಹುದು. ತೂಕ ಬಹಳ ಕಡಿಮೆ ಬಂದರೆ, ಬೆಲೆ ಅರ್ಧಕ್ಕಿಂತ ಕೆಳಗಿದ್ದರೆ, ಅದು ನಕಲು ಎಂದೇ ತಿಳಿಯಬೇಕು.

ಅಷ್ಟು ದುಡ್ಡಿಲ್ಲದ ಭಜನಾ ಮಂಡಳಿ ಏನು ಮಾಡಬೇಕು? ನಕಲಿ ಹೆಸರಿನ ಮೈಕಿಗಿಂತ ಸ್ವಂತ ಹೆಸರಿನಲ್ಲಿ ಮಾರುವ ದೇಶಿ ಕಂಪನಿಯ ಅಗ್ಗದ ಡೈನಾಮಿಕ್ ಎಷ್ಟೋ ಮೇಲು. 1940ರಲ್ಲಿ ಶುರುವಾದ ದೆಹಲಿಯ ಅಹುಜಾ ಕಂಪನಿಯ ಮೈಕ್, ಹಾರ್ನ್, ಆಂಪ್ಲಿಫೈಯರ್‌ಗಳನ್ನು ಕಾಣದ ಜಾತ್ರೆ ಈ ನಾಡಿನಲ್ಲಿ ಅಪರೂಪ, ರಿಪೇರಿಯೂ ಸುಲಭ. ಉಳಿದ ದುಡ್ಡನ್ನು ಕೇಬಲ್‌ಗೆ ಹಾಕಬೇಕು. ಅಗ್ಗದ ಮೈಕಿನ ಜೊತೆ ಬರುವ ಕೇಬಲ್‌ನ ಇನ್ನೊಂದು ತುದಿಯಲ್ಲಿ ಸಾಮಾನ್ಯವಾಗಿ ಗಿಟಾರಿನ ಹಾಗೆ ಒಂದು ಜ್ಯಾಕ್ ಇರುತ್ತದೆ. ಪೆಂಡಾಲ್‌ನ ದೀಪದ ವೈರು, ಜನರೇಟರ್ ಪಕ್ಕದಲ್ಲಿ ಉದ್ದಕ್ಕೆ ಎಳೆದಾಗ ಅದು ಗುಂಯ್‌ಗುಡುತ್ತದೆ. ಎರಡೂ ತುದಿಯಲ್ಲಿ ಮೂರು ಮುಳ್ಳಿನ ಎಕ್ಸ್‌ಎಲ್‌ಆರ್ ಇರುವ ಕೇಬಲ್ ಒಂದೇ ಸಂಕೇತವನ್ನು ಒಂದು ತಂತಿಯಲ್ಲಿ ನೇರವಾಗಿ, ಇನ್ನೊಂದರಲ್ಲಿ ತಲೆಕೆಳಗಾಗಿ ಒಯ್ಯುತ್ತದೆ. ದಾರಿಯಲ್ಲಿ ಸೇರಿಕೊಂಡ ಗುಂಯ್‌ಗಾಟ ಎರಡರಲ್ಲೂ ಒಂದೇ ರೀತಿ ಇರುವುದರಿಂದ ಮಿಕ್ಸರ್‌ನಲ್ಲಿ ಕಳೆದುಹೋಗುತ್ತದೆ. ವೈರ್‌ಲೆಸ್ ಬೇಕೆನ್ನುವವರು ಹಳೆಯ ಸೆಕೆಂಡ್‌ಹ್ಯಾಂಡ್ ಸೆಟ್ ಕೊಳ್ಳುವ ಮುನ್ನ ಅದರ ತರಂಗಾಂತರ ನೋಡಬೇಕು. 700 ಮೆಗಾಹರ್ಟ್ಸ್ ಪಟ್ಟಿ 2022ರ ಹರಾಜಿನಲ್ಲಿ ಮೊಬೈಲ್ ಸೇವೆಗೆ ಹೋಗಿದೆ.

ರೆಕಾರ್ಡಿಂಗ್ ಎಂದ ಕೂಡಲೇ ಲೆಕ್ಕ ಬದಲಾಗುತ್ತದೆ ಎಂದು ಬಹುಮಂದಿ ನಂಬಿದ್ದಾರೆ. ಸ್ಟುಡಿಯೊ ಚಿತ್ರಗಳಲ್ಲಿ ಕಾಣುವ ದೊಡ್ಡ ಕಂಡೆನ್ಸರ್ ಮೈಕ್, ಅದರ ಮುಂದಿನ ಬಲೆಯ ತೆರೆ, ಗೋಡೆಗೆ ಕಪ್ಪು ಫೋಮು. ಮೌನವಾದ, ಮಾರ್ದನಿ ಇಲ್ಲದ ಕೋಣೆಯಲ್ಲಿ ಆ ಮೈಕ್ ನಿಜಕ್ಕೂ ಸೊಗಸು. ತಗಡಿನ ಮಾಡಿನ ಮನೆಯಲ್ಲಿ, ಹೊರಗೆ ಟ್ರ್ಯಾಕ್ಟರು ಹಾದುಹೋಗುವಾಗ, ಮಳೆಗಾಲದ ರಾತ್ರಿ ಗದ್ದೆಯ ಕಪ್ಪೆಗಳೆಲ್ಲ ವಟಗುಟ್ಟುವಾಗ ಅದು ಹಾಡಿನಷ್ಟೇ ನಿಷ್ಠೆಯಿಂದ ಅವನ್ನೂ ದಾಖಲಿಸುತ್ತದೆ. ಮೈಕಲ್ ಜಾಕ್ಸನ್‌ನ 1982ರ ‘ಥ್ರಿಲ್ಲರ್’ ಆಲ್ಬಮ್‌ಗೆ ಎಂಜಿನಿಯರ್ ಬ್ರೂಸ್ ಸ್ವೀಡಿಯನ್ ಕಂಠ ಹಿಡಿದದ್ದು ಶೂರ್ ಎಸ್‌ಎಂ7ರಲ್ಲಿ, ಅದು ಡೈನಾಮಿಕ್ ಮೈಕ್. ಅವರಿಗೆ ಬೇಕೆಂದ ಕಂಡೆನ್ಸರ್ ಸಿಗುತ್ತಿರಲಿಲ್ಲ ಎನ್ನುವಂತಿಲ್ಲ. ಕಂಠಕ್ಕೆ ಹೊಂದುವ ಡೈನಾಮಿಕ್ ಸಿಕ್ಕರೆ ಅದರಲ್ಲೇ ಧ್ವನಿಮುದ್ರಿಸಲು ಸಂಕೋಚ ಬೇಡ.

ಕೋಣೆಯನ್ನು ಸರಿಪಡಿಸಲು ಈ ಸೀಮೆಯಲ್ಲಿ ಫೋಮಿಗಿಂತ ಒಳ್ಳೆಯ ವಸ್ತು ಮನೆಮನೆಯಲ್ಲಿದೆ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹೊಲಿದ ಕೌದಿ. ಬಂಗಾಳಿ ಮನೆಗಳಲ್ಲಿ ಅದರ ಅಕ್ಕನಂಥ ಕಾಂತಾ ಇದೆ. ಮೂರು ನಾಲ್ಕು ಕೌದಿಗಳನ್ನು ಹಗ್ಗಕ್ಕೆ ಇಳಿಬಿಟ್ಟರೆ ತಗಡು, ಸಿಮೆಂಟು ಗೋಡೆಯ ಮಾರ್ದನಿ ಬಹುಪಾಲು ಹೀರಿಹೋಗುತ್ತದೆ. ಅವನ್ನು ಮೈಕಿನ ಹಿಂದೆ ಕಟ್ಟುವುದು ಸಾಮಾನ್ಯ ತಪ್ಪು. ಮೈಕಿನ ಬೆನ್ನು ಹೇಗೂ ಕಿವುಡು. ಅದು ನೋಡುತ್ತಿರುವುದು ಹಾಡುವವರನ್ನು ಮತ್ತು ಅವರ ಬೆನ್ನ ಹಿಂದಿನ ಗೋಡೆಯನ್ನು. ಕೌದಿ ಬೇಕಾದದ್ದು ಹಾಡುವವರ ಹಿಂದೆ.

ಮಲ್ಟಿಟ್ರ್ಯಾಕ್ ಎಂದರೆ ಪ್ರತಿ ದನಿಗೂ ಒಂದು ಪ್ರತ್ಯೇಕ ಹಳಿ. ಹಾಡು, ಖೋಲ್, ಹಾರ್ಮೋನಿಯಂ, ಮೇಳ ಬೇರೆ ಬೇರೆ ಕಡತಗಳಲ್ಲಿ ಉಳಿಯುತ್ತವೆ, ಆಮೇಲೆ ನಿಧಾನವಾಗಿ ಕುಳಿತು ಏರಿಳಿತ ಹೊಂದಿಸಬಹುದು. ಸಿನಿಮಾ ಹಾಡಿನಲ್ಲಿ ಒಬ್ಬೊಬ್ಬರನ್ನೇ ಕರೆದು, ಕಿವಿಗೆ ತಾಳದ ಟಿಕ್‌ಟಿಕ್ ಕೊಟ್ಟು ಹಾಡಿಸುತ್ತಾರೆ. ಕೀರ್ತನೆಗೆ ಆ ದಾರಿ ಒಗ್ಗದು. ಅದರ ಲಯ ಗಡಿಯಾರ ನೋಡಿ ನಡೆಯುವುದಿಲ್ಲ. ಖೋಲ್ ಬಾರಿಸುವವನು ಹಾಡುವವನ ಉಸಿರು ನೋಡಿ ಓಡುತ್ತಾನೆ, ಮೇಳದವರು ಇಬ್ಬರನ್ನೂ ನೋಡುತ್ತಾರೆ. ಅವರನ್ನು ಬಿಡಿಬಿಡಿಯಾಗಿ ಕೂರಿಸಿದರೆ ಹಳಿಗಳು ಸ್ವಚ್ಛವಾಗಿರುತ್ತವೆ, ಕೀರ್ತನೆ ಮಾತ್ರ ಇರುವುದಿಲ್ಲ. ತತ್ವಪದದ ಮೇಳಕ್ಕೂ ಇದೇ ಮಾತು. ಎಲ್ಲರನ್ನೂ ಒಟ್ಟಿಗೆ ಕೂರಿಸಿ, ಒಂದರ ದನಿ ಇನ್ನೊಂದರ ಮೈಕಿಗೆ ಸ್ವಲ್ಪ ಸೋರುವುದನ್ನು ಒಪ್ಪಿಕೊಂಡು, ಆ ಸೋರಿಕೆಯನ್ನು ಅಂಕೆಯಲ್ಲಿಡುವುದು ಜಾಣತನ.

ಅಂಕೆಗೆ ಸಿಗುವುದು ಮತ್ತೆ ದಿಕ್ಕು, ದೂರ ಎರಡರಿಂದಲೇ. ಎರಡು ಮೈಕುಗಳ ನಡುವಿನ ಅಂತರ, ಪ್ರತಿ ಮೈಕಿಗೂ ಅದರ ಹಾಡುಗಾರನಿಗೂ ಇರುವ ಅಂತರದ ಮೂರು ಪಟ್ಟಾದರೂ ಇರಬೇಕು ಎಂಬುದು ಧ್ವನಿ ಎಂಜಿನಿಯರ್‌ಗಳ ಹಳೆಯ ನಿಯಮ. ಬಾಯಿ ಮೈಕಿನಿಂದ ಒಂದು ಗೇಣು ದೂರವಿದ್ದರೆ ಪಕ್ಕದ ಮೈಕ್ ಮೂರು ಗೇಣು ಆಚೆ. ಇದಕ್ಕಿಂತ ಹತ್ತಿರವಾದರೆ ಒಂದೇ ದನಿ ಎರಡು ಮೈಕಿಗೆ ಕೂದಲೆಳೆ ಹೊತ್ತಿನ ವ್ಯತ್ಯಾಸದಲ್ಲಿ ತಲುಪಿ, ಎರಡನ್ನೂ ಬೆರೆಸಿದಾಗ ಕೆಲವು ಸ್ವರಗಳು ಒಂದನ್ನೊಂದು ತಿಂದುಹಾಕುತ್ತವೆ. ಕೊಳವೆಯಿಂದ ಬಂದಂತೆ ಟೊಳ್ಳಾಗಿ ಕೇಳುವ ಹಳ್ಳಿ ರೆಕಾರ್ಡಿಂಗ್‌ಗಳ ರೋಗ ಬಹುತೇಕ ಇದೇ.

ಮೈಕೇ ಇಲ್ಲದ ಕಾಲದಲ್ಲಿ ಧ್ವನಿಮುದ್ರಣ ನಿಂತಿದ್ದದ್ದು ದೂರದ ಲೆಕ್ಕದ ಮೇಲೆ ಮಾತ್ರ. ಕಲ್ಕತ್ತೆಗೆ ಬಂದಿದ್ದ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಮುಂದೆ 1902ರ ನವೆಂಬರ್‌ನಲ್ಲಿ ಗಾಯಕಿ ಗೌಹರ್ ಜಾನ್ ಹಾಡಿದ್ದು ಒಂದು ದೊಡ್ಡ ಕಹಳೆಯ ಬಾಯಿಗೆ. ಅದರ ಇನ್ನೊಂದು ತುದಿಯ ಸೂಜಿ ಮೇಣದ ಮೇಲೆ ನೇರವಾಗಿ ಗೆರೆ ಕೊರೆಯುತ್ತಿತ್ತು. ಕಂಠ ಕಹಳೆಗೆ ಹತ್ತಿರ, ಗಟ್ಟಿ ವಾದ್ಯ ಹಿಂದೆ; ಯಾರನ್ನು ಎಷ್ಟು ದೂರ ಕೂರಿಸುತ್ತಾರೋ ಅದೇ ಅಂದಿನ ಮಿಕ್ಸಿಂಗ್. ಮೈಕ್ ಬಳಸಿದ ವಿದ್ಯುತ್ ಧ್ವನಿಮುದ್ರಣ ವಾಣಿಜ್ಯವಾಗಿ ಬಂದದ್ದು 1925ರಲ್ಲಿ. ಬಂಗಾಳದಲ್ಲಿ ಹೆಸರು ಮಾಡಿದ ಗೌಹರ್ ಜಾನ್ ಕೊನೆಯ ದಿನಗಳಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಬಂಗಾಳದ ಕಂಠ ಕನ್ನಡ ನೆಲಕ್ಕೆ ಬಂದ ದಾರಿಗಳಲ್ಲಿ ಅದೂ ಒಂದು.

ಕ್ಯಾಂಪಿನ ಕೀರ್ತನೆ ದಾಖಲಿಸಲು ಎಷ್ಟು ಸಲಕರಣೆ ಬೇಕು? ಎಂಟು ಮೈಕ್ ಹೊಕ್ಕುವ ಒಂದು ಇಂಟರ್‌ಫೇಸ್ ಮತ್ತು ಲ್ಯಾಪ್‌ಟಾಪ್, ಅಥವಾ ಎಸ್‌ಡಿ ಕಾರ್ಡಿಗೆ ನೇರ ಬರೆಯುವ ಎಂಟು ಹಳಿಯ ರೆಕಾರ್ಡರ್ ಸಾಕು. ಬಾಡಿಗೆಗೆ ಬರುವ ಹಲವು ಡಿಜಿಟಲ್ ಮಿಕ್ಸರ್‌ಗಳು ಪ್ರತಿ ಮೈಕನ್ನೂ ಯುಎಸ್‌ಬಿ ಮೂಲಕ ಬೇರೆ ಬೇರೆಯಾಗಿ ಕೊಡುತ್ತವೆ; 2012ರಲ್ಲಿ ಬಂದ ಬೆರಿಂಗರ್ ಎಕ್ಸ್32 ಒಂದೇ ಕೇಬಲ್‌ನಲ್ಲಿ 32 ಹಳಿ ಕೊಡುತ್ತದೆ. ಅಂಥದು ಪೂಜೆಗೆ ಬಂದಿದ್ದರೆ ಲ್ಯಾಪ್‌ಟಾಪ್ ತಂದು ಜೋಡಿಸುವುದಷ್ಟೇ ಕೆಲಸ. ಬಹುಪಾಲು ಸಮಿತಿಗಳು ಆ ಸೌಲಭ್ಯವನ್ನು ಕೇಳುವುದೇ ಇಲ್ಲ ಎಂಬುದು ಬೇಸರದ ಸಂಗತಿ.

ಜಾಗದ ಲೆಕ್ಕ ಮೊದಲೇ ಹಾಕಿಕೊಳ್ಳಬೇಕು. 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ಒಂದು ಹಳಿ ಗಂಟೆಗೆ ಸುಮಾರು 518 ಮೆಗಾಬೈಟ್ ತಿನ್ನುತ್ತದೆ. ಎಂಟು ಹಳಿಗೆ ನಾಲ್ಕು ಗಿಗಾಬೈಟ್‌ಗೂ ಹೆಚ್ಚು. ಅಷ್ಟಪ್ರಹರ, ಅಂದರೆ ಎಂಟು ಪ್ರಹರ ಬಿಡದೆ ನಡೆಯುವ 24 ಗಂಟೆಯ ನಾಮಸಂಕೀರ್ತನೆಗೆ ಸುಮಾರು ನೂರು ಗಿಗಾಬೈಟ್. ದನಿಯ ಮಟ್ಟ ಇಡುವಾಗ ಆರಂಭದ ನಿಧಾನಗತಿಯನ್ನು ನಂಬಬಾರದು. ಮೇಳ ತಾರಕಕ್ಕೆ ಹೋದಾಗಿನ ಹಾಡನ್ನು ಮೊದಲೇ ಒಮ್ಮೆ ಹಾಡಿಸಿ, ಆಗಲೂ ಸೂಚಕ ಸೊನ್ನೆಯಿಂದ 12 ಡೆಸಿಬಲ್ ಕೆಳಗೆ ನಿಲ್ಲುವಂತೆ ಹೊಂದಿಸಬೇಕು. 24 ಬಿಟ್‌ನಲ್ಲಿ ಮೆಲ್ಲಗೆ ದಾಖಲಾದದ್ದನ್ನು ಆಮೇಲೆ ಎತ್ತಬಹುದು, ಒಡೆದು ದಾಖಲಾದದ್ದನ್ನು ರಿಪೇರಿ ಮಾಡಲಾಗದು.

ಸಮಯದ ಆಯ್ಕೆಯೂ ಮೈಕಿನ ಆಯ್ಕೆಯಷ್ಟೇ ದೊಡ್ಡದು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬಗಳಿಗೆಂದು ರಾಜ್ಯ ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿಯವರೆಗೆ ಸಡಿಲಿಕೆ ಕೊಡಬಹುದು. ರಾತ್ರಿಯಿಡೀ ನಡೆಯುವ ಕೀರ್ತನೆ, ಬಯಲಾಟದವರಿಗೆ ಇದು ಕಷ್ಟವೆನಿಸುವುದು ಸಹಜ. ಧ್ವನಿಮುದ್ರಿಸುವವರಿಗೆ ಮಾತ್ರ ಹಾರ್ನ್ ಬಂದ್ ಆದ ಆ ಹೊತ್ತೇ ಬಂಗಾರ. ಮೈಕಿಗೆ ತಿರುಗಿ ಬರುವ ದನಿಯಿಲ್ಲ, ಗುಂಡಿ ತಿರುವುವ ಆತುರವಿಲ್ಲ. ಹಾಡುವವರೂ ಹಾರ್ನ್‌ನ ಜೊತೆ ಜಿದ್ದಿಗೆ ಬೀಳದೆ ತಮ್ಮ ಸಹಜ ಕಂಠಕ್ಕೆ ಇಳಿಯುತ್ತಾರೆ. ಹಗಲು ಮೈಕ್ ವೇದಿಕೆಗೆ, ರಾತ್ರಿ ಅವೇ ಮೈಕುಗಳು ರೆಕಾರ್ಡರ್‌ಗೆ ಎಂದು ಹೊಂದಿಸಿಕೊಂಡರೆ ಎರಡು ಬಗೆಯ ಮೈಕ್ ಕೊಳ್ಳುವ ಪ್ರಮೇಯವೇ ಬರುವುದಿಲ್ಲ.

ಸಣ್ಣ ಮಂಡಳಿಯೊಂದು ಮೊದಲ ಸಲ ದುಡ್ಡು ಹಾಕುವುದಾದರೆ ಒಂದು ದೊಡ್ಡ ಕಂಡೆನ್ಸರ್‌ಗಿಂತ ಎರಡು ಅಸಲಿ ಕಾರ್ಡಿಯಾಯ್ಡ್ ಡೈನಾಮಿಕ್‌ಗಳು ಮೇಲು. ಮುಖ್ಯ ಹಾಡುಗಾರರಿಗೆ ಒಂದು, ಖೋಲ್‌ಗೆ ಒಂದು. ಖೋಲ್‌ನ ಎರಡು ಮುಖಗಳಲ್ಲಿ ಚಿಕ್ಕದು ಟಿಣ್ಣೆನ್ನುವ ಎತ್ತರದ ಸ್ವರದ್ದು, ದೊಡ್ಡದು ಗುಡುಗುವ ತಗ್ಗಿನದು. ಒಂದೇ ಮೈಕ್ ಇದ್ದರೆ ನಡುವೆ, ಒಂದು ಮೊಳ ದೂರದಲ್ಲಿ ನಿಲ್ಲಿಸಿ ಎರಡನ್ನೂ ಸಮ ಹಿಡಿಯಬಹುದು. ಮೂರನೆಯದು ಮೇಳಕ್ಕೆ. ಆಮೇಲೆ ಕೈಯಲ್ಲಿ ಉಳಿದರೆ ಮಾತ್ರ ಕಂಡೆನ್ಸರ್. ಏಕತಾರಿ ಹಿಡಿದು ಒಬ್ಬರೇ ಮೆಲ್ಲಗೆ ತತ್ವಪದ ಹಾಡುವಾಗ ತಂತಿಯ ಮಿಡಿತ, ಬೆರಳಿನ ಸವರಿಕೆ ಎಲ್ಲ ಹಿಡಿಯಲು ಅದಕ್ಕಿಂತ ಒಳ್ಳೆಯದಿಲ್ಲ. ಯಾವುದನ್ನು ಕೊಂಡರೂ ಹಾಡುವವರೇ ಬಂದು ಅಂಗಡಿಯಲ್ಲಿ ಹಾಡಿ ನೋಡಬೇಕು. ತೀಕ್ಷ್ಣ ಕಂಠಕ್ಕೆ ತೀಕ್ಷ್ಣ ಮೈಕ್ ಸೇರಿದರೆ ಕಿವಿ ಚುಚ್ಚುತ್ತದೆ, ಮಂದ ಕಂಠಕ್ಕೆ ಅದೇ ಮೈಕ್ ವರವಾಗುತ್ತದೆ.

ಪೂರ್ವ ಬಂಗಾಳದ ಊರುಗಳಲ್ಲೇ ಹಾಡು ಕಲಿತು ಬಂದ ತಲೆಮಾರು ಈಗ ವಯಸ್ಸಾದವರದು. ಅವರು ಹಾಡುವ ಪದಗಳ ಧಾಟಿ ಇಲ್ಲಿ ಹುಟ್ಟಿದ ಮಕ್ಕಳ, ಕನ್ನಡ ಶಾಲೆಗೆ ಹೋಗುವ ಮೊಮ್ಮಕ್ಕಳ ಬಾಯಲ್ಲಿ ಬದಲಾಗುವುದು ಖಂಡಿತ. ಬದಲಾಗಲಿ, ಹಾಡು ಬದುಕುವುದೇ ಹಾಗೆ. ಹಳೆಯ ಧಾಟಿಯೂ ಒಂದು ಕಡೆ ಉಳಿದಿರಬೇಕು, ಅದಕ್ಕೆ ಮೊಬೈಲ್ ವಿಡಿಯೊದ ಒಡೆದ ದನಿ ಸಾಲದು. ಪ್ರತಿ ಹಾಡಿನ ಮೊದಲು ಹಾಡುವವರು ತಮ್ಮ ಹೆಸರು, ಕಲಿತ ಊರು, ಕಲಿಸಿದವರ ಹೆಸರು, ದಿನಾಂಕ ಇಷ್ಟನ್ನು ಮೈಕಿಗೇ ಹೇಳಿಬಿಟ್ಟರೆ ಆ ವಿವರ ಹಾಡಿನಿಂದ ಬೇರೆಯಾಗಿ ಕಳೆದುಹೋಗುವುದಿಲ್ಲ. ದಾಖಲಿಸುವ ಮೊದಲು ಅವರ ಒಪ್ಪಿಗೆ ಕೇಳಬೇಕು, ಹಾಡನ್ನು ಎಲ್ಲಿ ಹಂಚಬಹುದು, ಎಲ್ಲಿ ಬೇಡ ಎಂಬುದನ್ನೂ ಕೇಳಬೇಕು. ಮಿಕ್ಸ್ ಮಾಡಿದ ಹಾಡಿನ ಜೊತೆ ಬಿಡಿ ಹಳಿಗಳನ್ನೂ ಹಾಗೆಯೇ ಇಟ್ಟು, ಎರಡು ಹಾರ್ಡ್‌ಡಿಸ್ಕ್‌ಗಳಲ್ಲಿ ಪ್ರತಿ ಮಾಡಿ, ಒಂದನ್ನು ಪೂಜಾ ಸಮಿತಿಯ ಬಳಿಯೂ ಇನ್ನೊಂದನ್ನು ಬೇರೆ ಊರಿನಲ್ಲೂ ಇಡಬೇಕು.